ಗ್ವಾಡಿ ನಡುಗಬೇಕೇನ್ರಿ?

ನಮ್ಮ ಕಡೆ ಮನೆಗೆ ಹೊಸ ಸ್ಪೀಕರ್ ಬಂದರೆ ಅದು ಹ್ಯಾಂಗ ಹಾಡತೈತಿ ಎಂದು ಯಾರೂ ಕೇಳುವುದಿಲ್ಲ. ಗೋಕಾಕದವರು 'ಎಷ್ಟ ವ್ಯಾಟ್ ಐತ್ರಿ?' ಎನ್ನುತ್ತಾರೆ. ಮೂಡಲಗಿಯವರು 'ಬೇಸ್ ಹೊಡಿತೈತೇನ?' ಎನ್ನುತ್ತಾರೆ. ಹುಕ್ಕೇರಿಯವರು ಎರಡನ್ನೂ ಕೇಳಿ, ರೇಟು ಕೇಳಿ, 'ಸಂಕೇಶ್ವರದಾಗ ಇದಕ್ಕಿಂತ ಕಡಿಮಿಗಿ ಸಿಗತಿತ್ತಲ್ರಿ' ಎಂದು ನಮ್ಮ ಹೊಟ್ಟೆ ಉರಿಸಿ, ನಮ್ಮದೇ ಚಹಾ ಕುಡಿದು ಎದ್ದು ಹೋಗುತ್ತಾರೆ. ಅಷ್ಟು ಹೊತ್ತು ಪಾಪ, ಪೆಟ್ಟಿಗೆ ಒಂದು ಹಾಡನ್ನೂ ಹಾಡಿರುವುದಿಲ್ಲ.

ಅವರನ್ನು ಬೈಯುವುದಕ್ಕೂ ಮನಸ್ಸಾಗದು. ನಮ್ಮ ಮೂರೂ ತಾಲೂಕಿನ ಕಿವಿಗಳು ತಯಾರಾದದ್ದು ಬಯಲಿನಲ್ಲಿ. ಕಬ್ಬಿನ ಸೀಜನ್ ಶುರುವಾಯಿತೆಂದರೆ ಟ್ರ್ಯಾಕ್ಟರುಗಳು ರಸ್ತೆಗಿಳಿಯುತ್ತವೆ: ಹಿಂದೆ ಎರಡು ಟ್ರೇಲರ್ ಕಬ್ಬು, ಡ್ರೈವರನ ಎರಡೂ ಕಡೆ ಬಾಕ್ಸು. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಸೋತರೂ ಇವನಿಗೆ ಕೇಳುವುದು ಜಾನಪದ ಹಾಡಿನ ಹುಡುಗಿಯ ಸಿಟ್ಟು ಮಾತ್ರ. ಇನ್ನು ಮದುವೆಗೆ, ಗಣಪತಿಗೆ ಡಾಲ್ಬಿ ಎನ್ನುವ ದೊಡ್ಡ ಬಾಕ್ಸುಗಳ ಸಾಲು ಇಲ್ಲದಿದ್ದರೆ ಬೀಗರ ಮುಂದೆ ಮಾನ ಉಳಿಯುವುದಿಲ್ಲ. ಮೆರವಣಿಗೆ ಹಾಯ್ದು ಹೋಗುವಾಗ ಅಟ್ಟದ ಮೇಲಿನ ಹಿತ್ತಾಳಿ ಪಾತ್ರೆ ಕೆಳಗೆ ಬಿದ್ದರೆ 'ಈ ವರ್ಷ ಸೌಂಡ್ ಚಲೋ ಇತ್ತು' ಎಂದು ಊರು ಸರ್ಟಿಫಿಕೇಟು ಕೊಡುತ್ತದೆ. ಅದೇ ಕಿವಿ ಹೊತ್ತು ಅಂಗಡಿಗೆ ಹೋದರೆ ಆಗುವುದು ಇದೇ: ಹತ್ತು ಅಡಿ ಅಗಲದ ಪಡಸಾಲೆಗೆ ಜಾತ್ರೆಯ ಪೆಟ್ಟಿಗೆ ಬರುತ್ತದೆ.

ಇದೇ ನೆಲದ ಇನ್ನೊಂದು ಬಗೆಯ ಕಿವಿಯನ್ನು ಮರೆಯಬಾರದು. ಹಳೆಯ ಗೋಕಾಕ ತಾಲೂಕಿನ ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮೆರೆಸಿದ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಜನ ಬೆಳತನಕ ಕೂತು ಕೇಳಿದ್ದು ಮೈಕಿಲ್ಲದ ಕಾಲದಲ್ಲಿ. ಆಡುವವರು ಗಂಟಲು ಎತ್ತುತ್ತಿದ್ದರು, ಕೇಳುವವರು ಬಾಯಿ ಮುಚ್ಚುತ್ತಿದ್ದರು. ಈಗ ನಾವು ಬಾಯಿಯನ್ನೂ ಮುಚ್ಚುವುದಿಲ್ಲ, ಬಾಕ್ಸನ್ನೂ ಇಳಿಸುವುದಿಲ್ಲ. ಮನೆಗೆ ಸ್ಪೀಕರ್ ಆರಿಸುವಾಗ ಬೇಕಾದದ್ದು ಪಾರಿಜಾತದ ಕಿವಿ. ಟ್ರ್ಯಾಕ್ಟರಿನ ಕಿವಿಯನ್ನು ಸಕ್ಕರೆ ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರಬೇಕು. ಹಾಗೆ ಕೇಳಿದರೆ ಮನೆಗೆ ಒಪ್ಪುವುದು ಆ್ಯಕ್ಟಿವ್ ಸ್ಪೀಕರ್ ಎಂಬುದು ನನ್ನ ಮಾತು.

'ಅದೆಲ್ಲ ಖರೆ. ಆ್ಯಕ್ಟಿವ್ ಸ್ಪೀಕರ್ ಅಂತೀಯಲ್ಲ, ಉಳದದ್ದೆಲ್ಲ ಮಲಕೊಂಡಾವೇನೋ ತಮ್ಮಾ?' ಎಂದರು ಮೂಡಲಗಿಯ ಕಾಕಾ.

'ಮಲಗಿಲ್ಲ ಕಾಕಾ, ಅವಕ್ಕ ಹೊರಗಿಂದ ಆಂಪ್ಲಿಫೈಯರ್ ತಂದು ಎಬ್ಬಸಬೇಕು. ಇದರಾಗ ಅದು ಪೆಟಗಿ ಒಳಗ ಕುಂತಿರತೈತಿ.'

ಕಾಕಾನ ಹುಬ್ಬು ಇಳಿಯಲಿಲ್ಲ. ಅವರಿಗೆ ತಿಳಿಯುವ ಹಾಗೆ ಹೇಳಬೇಕಾಯಿತು. ಪೆಟ್ಟಿಗೆಯೊಳಗೆ ಇಬ್ಬರು ಸೊಸೆಯರು: ದಪ್ಪ ದನಿಯ ವೂಫರ್, ಸಣ್ಣ ದನಿಯ ಟ್ವೀಟರ್. ಹಳೆಯ ಪದ್ಧತಿಯ ಮನೆಯಲ್ಲಿ ಇಬ್ಬರಿಗೂ ಕೂಡಿ ಒಂದೇ ಒಲೆ. ಬೆಂದ ಮೇಲೆ ಅತ್ತೆ ಪಾಲು ಮಾಡುತ್ತಾಳೆ, ಮಾಡುವಾಗ ಒಂದಿಷ್ಟು ಚೆಲ್ಲುತ್ತಾಳೆ. ಆ ಅತ್ತೆಯ ಹೆಸರು ಕ್ರಾಸ್‌ಓವರ್. ಆ್ಯಕ್ಟಿವ್ ಮನೆಯಲ್ಲಿ ಅತ್ತೆ ಹಿಟ್ಟಿದ್ದಾಗಲೇ ಪಾಲು ಮಾಡಿಬಿಡುತ್ತಾಳೆ. ಆಮೇಲೆ ಒಬ್ಬೊಬ್ಬಳಿಗೂ ಒಂದೊಂದು ಒಲೆ. ಒಲೆ ಅಂದರೆ ಆಂಪ್ಲಿಫೈಯರ್. ಯಾರಿಗೆ ಎಷ್ಟು ಉರಿ ಬೇಕೆಂದು ಕಟ್ಟಿದವನಿಗೆ ಮೊದಲೇ ಗೊತ್ತು; ಹಾಗಾಗಿ ಸಣ್ಣ ಪೆಟ್ಟಿಗೆಯೂ ಚೊಕ್ಕವಾಗಿ ಹಾಡುತ್ತದೆ.

'ಬ್ಯಾರೆ ಒಲಿ ಇಟ್ಟರ ಮನಿ ಶಾಂತ ಇರತೈತಿ, ಇದು ನನಗ ಮೊದಲ ಗೊತ್ತಿತ್ತು' ಎಂದು ಕಾಕಾ ಒಳಗಿನವರಿಗೆ ಕೇಳದಂತೆ ಪಿಸುಗುಟ್ಟಿದರು.

ಆದರೆ ಅಂಗಡಿಯಲ್ಲಿ ಆ್ಯಕ್ಟಿವ್ ಎಂದು ಮಾರುವುದೆಲ್ಲ ಇಂಥದ್ದಲ್ಲ. ಅಗ್ಗದ ಜೋಡಿಗಳಲ್ಲಿ ಬಹಳಷ್ಟರಲ್ಲಿ ಒಂದೇ ಪೆಟ್ಟಿಗೆಯಲ್ಲಿ ಅಡುಗೆ, ಇನ್ನೊಂದಕ್ಕೆ ವೈರಿನಲ್ಲಿ ಬುತ್ತಿ. ಅದೂ ಉಣ್ಣುವಂಥದ್ದೇ, ಕೆಟ್ಟದ್ದೇನಲ್ಲ. ಆದರೆ ಕೊಡುವ ರೊಕ್ಕ ಯಾವುದಕ್ಕೆ ಎಂಬುದು ಗೊತ್ತಿರಲಿ. ಪೆಟ್ಟಿಗೆಯ ಹಿಂಬದಿ ತಿರುಗಿಸಿ ನೋಡಿ. ಎರಡಕ್ಕೂ ಬೇರೆ ಬೇರೆ ಕರೆಂಟಿನ ವೈರ್ ಇದ್ದು, ವೂಫರಿಗೆ ಇಷ್ಟು ವ್ಯಾಟ್, ಟ್ವೀಟರಿಗೆ ಇಷ್ಟು ವ್ಯಾಟ್ ಎಂದು ಬೇರೆಯಾಗಿ ಬರೆದಿದ್ದರೆ ಅದು ನಿಜವಾದ ಎರಡು ಒಲೆಯ ಮನೆ. ಒಂದು ತೊಂದರೆಯನ್ನೂ ಹೇಳಿಬಿಡಬೇಕು: ಒಳಗಿನ ಆಂಪ್ಲಿಫೈಯರ್ ಕೆಟ್ಟರೆ ಪೆಟ್ಟಿಗೆಗೆ ಪೆಟ್ಟಿಗೆಯನ್ನೇ ಹೊತ್ತು ಊರೂರು ಅಲೆಯಬೇಕು. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ರಿಪೇರಿ ಮಾಡುವವರು ಇದ್ದಾರೋ ಇಲ್ಲವೋ ಕೇಳಿಯೇ ರೊಕ್ಕ ಬಿಚ್ಚಬೇಕು.

ಈಗ ಊರಿಗೆಲ್ಲ ಪ್ರಿಯವಾದ ವ್ಯಾಟಿನ ಸುದ್ದಿಗೆ ಬರೋಣ. ಡಬ್ಬದ ಮೇಲೆ 5000 ವ್ಯಾಟ್ ಪಿಎಂಪಿಓ (ಕ್ಷಣಮಾತ್ರದ ಲೆಕ್ಕ) ಎಂದು ಬೆಂಕಿಯ ಚಿತ್ರದ ಜೊತೆ ಬರೆದಿರುತ್ತದೆ. ಹಿಂದಿನ ಪಟ್ಟಿಯಲ್ಲಿ ಕರೆಂಟು ಎಳೆಯುವುದು 40 ವ್ಯಾಟ್ ಎಂದು ಸಣ್ಣ ಅಕ್ಷರದಲ್ಲಿರುತ್ತದೆ. ನಲವತ್ತು ತಿಂದು ಐದು ಸಾವಿರ ಕೊಡುವ ಎಮ್ಮೆ ಸಂತೆಯಲ್ಲಿ ಸಿಕ್ಕರೆ ನಾವು ಕೊಳ್ಳುತ್ತೇವೆಯೇ? ಕೇಳಬೇಕಾದದ್ದು ಒಂದೇ ಸಮನೆ ಕೊಡಬಲ್ಲ ಶಕ್ತಿ, ಅಂದರೆ ಆರ್‌ಎಂಎಸ್ ವ್ಯಾಟ್. ಅದರಲ್ಲೂ ಒಂದು ಮೋಜಿದೆ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ 'ತುಸು ಜಾಸ್ತಿ ಆತು' ಅನ್ನಿಸುವಷ್ಟು. ಸದ್ದು ಎರಡು ಪಟ್ಟಾದಂತೆ ಕೇಳಿಸಬೇಕಾದರೆ ವ್ಯಾಟ್ ಸುಮಾರು ಹತ್ತು ಪಟ್ಟಾಗಬೇಕು. ಮನೆಯ ಸಾಮಾನ್ಯ ಸ್ಪೀಕರ್ ಒಂದೇ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲ್ ಆಸುಪಾಸು ಕೂಗುತ್ತದೆ. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮ ಇಟ್ಟ ಮಿತಿ ಹಗಲಿಗೆ 55, ರಾತ್ರಿಗೆ 45. ಅಂದರೆ ಬಾಜೂ ಮನೆಯವರು ಜಗಳಕ್ಕೆ ಬರಲು ಒಂದೆರಡು ವ್ಯಾಟು ಧಾರಾಳ ಸಾಕು.

'ಹಂಗಾದ್ರ ನಾ ಐನೂರ ವ್ಯಾಟ್ ತಂದದ್ದು ಯಾಕ?' ಎಂದರು ಹುಕ್ಕೇರಿಯ ಮಾಸ್ತರು.

'ಬೀಗರಿಗೆ ಹೇಳಾಕ್ರಿ ಸರ.'

ಮಾಸ್ತರ ಮನೆಯ ಹಾಲ್ ನೋಡಬೇಕು. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸು, ನಾಲ್ಕೂ ಕಡೆ ನುಣುಪು ಗೋಡೆ. ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟ ನೋಡಲು ಬಂದವರು ಇವರ ಹಾಲಿನಲ್ಲೇ ಒಂದು ಚಪ್ಪಾಳೆ ತಟ್ಟಿ ವಾಪಸ್ ಹೋಗಬಹುದು. ಸ್ಪೀಕರುಗಳನ್ನೋ ಟಿವಿಯ ಷೋಕೇಸಿನ ಎರಡು ಗೂಡುಗಳಲ್ಲಿ, ಗಾಜಿನ ಗೊಂಬೆ ಮತ್ತು ಮಗನ ಕಬಡ್ಡಿ ಕಪ್ಪಿನ ನಡುವೆ ತುರುಕಿದ್ದಾರೆ. ಪೆಟ್ಟಿಗೆಯ ಬೆನ್ನಿನ ತೂತು ಗೋಡೆಗೆ ಒತ್ತಿಕೊಂಡಿದೆ. ಬೇಸ್ ಗುಂಗುಂ ಎನ್ನುತ್ತದೆ, ಕಪ್ಪು ಗಣಗಣ ಎನ್ನುತ್ತದೆ. ಮಾಸ್ತರು ಅದನ್ನೂ ತಾಳದ ಲೆಕ್ಕಕ್ಕೆ ಹಿಡಿದಿದ್ದಾರೆ.

ಮದ್ದು ಮನೆಯಲ್ಲೇ ಇದೆ. ಪೆಟ್ಟಿಗೆಗಳನ್ನು ಗೂಡಿನಿಂದ ಬಿಡಿಸಿ, ಗೋಡೆಯಿಂದ ಒಂದು ಮೊಳವಾದರೂ ಮುಂದೆ ತನ್ನಿ. ಮೂಲೆಗೆ ಇಟ್ಟರೆ ಬೇಸ್ ಉಬ್ಬುತ್ತದೆ, ಹಾಗೆ ಇಡಬೇಡಿ. ಎರಡು ಪೆಟ್ಟಿಗೆ, ನಿಮ್ಮ ತಲೆ, ಈ ಮೂರೂ ಸಮ ಅಂತರದ ತ್ರಿಕೋನವಾಗಲಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಸೋಫಾದಲ್ಲಿ ಕೂಡುವವರ ಲೆಕ್ಕದಲ್ಲಿ ಮಾಡಿದ ಸ್ಟ್ಯಾಂಡು ಜಮಖಾನೆ ಹಾಸಿ ಗೋಡೆಗೆ ಒರಗುವ ನಮಗೆ ಎತ್ತರವಾಗುತ್ತದೆ. ಎರಡು ಗಟ್ಟಿ ಸ್ಟೂಲು ಸಾಕು. ಅಜ್ಜಿ ಹೊಲಿದ ಕೌದಿಗಳನ್ನು ಟ್ರಂಕಿನಿಂದ ತೆಗೆದು ಎದುರು ಗೋಡೆಗೆ ತೂಗಿಬಿಟ್ಟರೆ ಕಿವಿ ಚುಚ್ಚುವ ಸಣ್ಣ ದನಿಯ ಹಾರಾಟ ತಗ್ಗುತ್ತದೆ. ದಪ್ಪ ದನಿಯನ್ನು ಕೌದಿ ತಡೆಯದು. ಅದಕ್ಕೆ ಪೆಟ್ಟಿಗೆ ಸರಿಸುವುದೇ ಉಪಾಯ.

ಕರೆಂಟಿನ ಮಾತು ಬಂದರೆ ಇಲ್ಲಿ ಜಂಬದ ಪಂದ್ಯ ಶುರು. ಜಲಪಾತದ ನೀರಿನಿಂದ 1887ರಲ್ಲೇ ಕರೆಂಟು ತೆಗೆದ ಊರು ನಮ್ಮದು ಎಂದು ಗೋಕಾಕದವರು ಎದೆ ಉಬ್ಬಿಸುತ್ತಾರೆ. 1969ರಿಂದ ನಮಗೆ ನಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇದೆ, ರಾಜ್ಯದಲ್ಲಿ ಬೇರೆ ಯಾವ ತಾಲೂಕಿಗೆ ಇದೆ ಹೇಳಿ ಎಂದು ಹುಕ್ಕೇರಿಯವರು ತಿರುಗಿ ಕೇಳುತ್ತಾರೆ. ಮೂಡಲಗಿಯ ಕಾಕಾ ಮೀಸೆ ತಿರುವುತ್ತಾ ಕೂಡುತ್ತಾರೆ. ಇಷ್ಟೆಲ್ಲ ಚರಿತ್ರೆ ಇದ್ದು ಮನೆಯ ಪ್ಲಗ್ಗಿನ ಮೂರನೇ ಕಾಲು ಮಾತ್ರ ಮುರಿದಿರುತ್ತದೆ, ಇಲ್ಲವೇ ಅದರ ಅರ್ಥಿಂಗ್ ವೈರ್ ಎಲ್ಲಿಗೂ ಹೋಗಿರುವುದಿಲ್ಲ. ಆ್ಯಕ್ಟಿವ್ ಸ್ಪೀಕರ್ ಹಾಡು ನಿಂತ ಮೇಲೂ ಗುಂಯ್ ಅನ್ನುತ್ತಿದ್ದರೆ ಪೆಟ್ಟಿಗೆಯನ್ನು ಬೈಯುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಎರಡೂ ಸ್ಪೀಕರು, ಹಾಡು ಹಚ್ಚುವ ಯಂತ್ರ, ಮೂರೂ ಒಂದೇ ಬೋರ್ಡಿಗೆ ಇರಲಿ. ಇನ್ವರ್ಟರ್ ಇದ್ದರೆ ಸೈನ್ ವೇವ್ ಇರಲಿ. ಅಗ್ಗದ ಸ್ಕ್ವೇರ್ ವೇವಿನಲ್ಲಿ ಜೀರುಂಡೆಯ ಕಛೇರಿಯೂ ಉಚಿತವಾಗಿ ಸಿಗಬಹುದು.

ಇನ್ನು ಅಂಗಡಿಯ ಪರೀಕ್ಷೆ. ಅಲ್ಲಿನ ಹುಡುಗ ಹಚ್ಚುವ 'ಬೇಸ್ ಟೆಸ್ಟ್' ಹಾಡಿಗೆ ಕೈಮುಗಿದು, ನಿಮ್ಮ ಹಾಡು ನೀವು ಒಯ್ಯಿರಿ. ಗೋಕಾಕದಲ್ಲಿ ಮಾಸ್ತರಿಕೆ ಮಾಡಿದ ಕೃಷ್ಣಮೂರ್ತಿ ಪುರಾಣಿಕರ ಕಥೆಯಿಂದ ಬಂದ 'ಸನಾದಿ ಅಪ್ಪಣ್ಣ' 1977ರ ಚಿತ್ರ. ಅದರ ಶಹನಾಯಿ ಬಿಸ್ಮಿಲ್ಲಾ ಖಾನರದು. ಅದನ್ನು ಹಚ್ಚಿ. ಟ್ವೀಟರ್ ಒರಟಾಗಿದ್ದರೆ ಎರಡು ನಿಮಿಷದಲ್ಲಿ ಹಲ್ಲು ಜುಮ್ಮೆನ್ನುತ್ತದೆ. ಆಮೇಲೆ ಮಲ್ಲಿಕಾರ್ಜುನ ಮನ್ಸೂರರನ್ನು ಹಚ್ಚಿ, ದನಿ ಏರಿದಾಗಲೂ ಹಿಂದಿನ ತಂಬೂರಿ ಕೇಳುತ್ತಿದೆಯೇ ನೋಡಿ. ಕರಡಿಮಜಲಿನ ವಾದ್ಯ ಹಚ್ಚಿದರೆ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳಬೇಕು. ಎಲ್ಲ ಕೂಡಿ ಒಂದೇ ಗುಡುಗಾದರೆ ಆ ಪೆಟ್ಟಿಗೆ ಬೇಡ. ಕೊನೆಗೆ ಧಾರವಾಡ ಆಕಾಶವಾಣಿಯ ವಾರ್ತೆ ಕೇಳಿ. ಓದುವವರು ಎದುರು ಕೂತು ಮಾತಾಡಿದಂತೆ ಇರಬೇಕು, ಹಗೇವಿನೊಳಗಿಂದ ಕೂಗಿದಂತಲ್ಲ. ಇದೆಲ್ಲವನ್ನೂ ಸಣ್ಣ ದನಿಯಲ್ಲಿ ಮಾಡಿ. ಜೋರಾಗಿ ಹಚ್ಚಿದರೆ ಯಾವ ಪೆಟ್ಟಿಗೆಯೂ ಐದು ನಿಮಿಷ ಮೋಸ ಮಾಡಬಲ್ಲದು.

ಕಾಕಾನಿಗೂ ಮಾಸ್ತರಿಗೂ ಕೊಟ್ಟ ತೀರ್ಪನ್ನೇ ನಿಮಗೂ ಕೊಡುತ್ತೇನೆ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ಐದಿಂಚಿನ ವೂಫರಿನ ಒಂದು ಜೋಡಿ ಆ್ಯಕ್ಟಿವ್ ಸ್ಪೀಕರ್ ಸಾಕೇ ಸಾಕು. ದೊಡ್ಡ ಪಡಸಾಲೆಗೆ ಏಳೆಂಟು ಇಂಚಿನದು. ಎಂಟಿಂಚಿನದನ್ನು ಸಣ್ಣ ಕೋಣೆಗೆ ತಂದು ಹಾಡನ್ನು ಉಸಿರುಗಟ್ಟಿಸಬೇಡಿ. ಬ್ಲೂಟೂತ್ ಇರಲಿ, ಜೊತೆಗೆ ವೈರ್ ಹಚ್ಚುವ ತೂತೂ ಇರಲಿ. ಕೈಯಲ್ಲಿರುವ ರೊಕ್ಕವನ್ನೆಲ್ಲ ಪೆಟ್ಟಿಗೆಗೇ ಸುರಿಯದೆ ಸ್ಟೂಲಿಗೆ, ಅರ್ಥಿಂಗಿಗೆ ಒಂದಿಷ್ಟು ಉಳಿಸಿ. ಇಷ್ಟವಾಗದಿದ್ದರೆ ವಾಪಸ್ ತಗೊಳ್ಳುವ ಅಂಗಡಿಯಲ್ಲೇ ವ್ಯವಹಾರ ಮಾಡಿ. ಯಾರಾದರೂ ಬಂದು 'ಎಷ್ಟ ವ್ಯಾಟ್ ಐತ್ರಿ?' ಎಂದರೆ, 'ಮೊದಲ ಕುಂಡ್ರಿ, ಒಂದ್ ಹಾಡ ಕೇಳ್ರಿ' ಎನ್ನಿ. ಕೂಡುವವರಿಗೆ ಚಹಾ ಕೊಡಿ. ವ್ಯಾಟೇ ಬೇಕೆಂದು ಹಟ ಹಿಡಿದವರಿಗೆ ಟ್ರ್ಯಾಕ್ಟರಿನ ದಾರಿ ತೋರಿಸಿ.