ಟೆಕ್ಸಾಸ್ ಅಳಿಯ, ಹೊಸಕೋಟೆ ಹಂದಿ

(ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ ಹತ್ತಿರದ ಕಡ್ಲೇಕಾಯಿ ಹೊಲ. ರಾತ್ರಿ ಹನ್ನೊಂದು ಗಂಟೆ. ಅಟ್ಟಣೆ ಮೇಲೆ ಅಂಜಿನಪ್ಪ, ರಜೆಗೆ ಬಂದ ಅಕ್ಕನ ಮಗ ಮಂಜ. ಕೆಳಗೆ ಬೆಂಕಿ ಪಕ್ಕ ಗಂಗಮ್ಮ.)

ಮಂಜ: ಇನ್ನೂ ಎಷ್ಟು ವರ್ಷ ಈ ತಮಟೆ ಬಡೀತೀಯ ಮಾವ? ನಮ್ಮ ಟೆಕ್ಸಾಸ್‌ನಾಗೆ ಹೆಲಿಕಾಪ್ಟರ್‌ನಾಗೆ ಕೂತು ಮೇಲಿಂದ ಢಂ ಅನ್ನಿಸ್ತಾರೆ. 2011ರಾಗೇ ಕಾನೂನು ಮಾಡವ್ರೆ.

ಅಂಜಿನಪ್ಪ: ಈ ಕಡೆ ಹೆಲಿಕಾಪ್ಟರ್ ಬರೋದು ಎಲೆಕ್ಷನ್ನಿಗೆ ಕಣೋ. ಮೇಲಿಂದ ಕೈ ಬೀಸ್ತಾರೆ, ಹಂದಿ ಹೆದರಲ್ಲ.

ಮಂಜ: ರಾತ್ರಿಗೆ ಬಂದೂಕಿನ ಮೇಲೊಂದು ದುರ್ಬೀನು. ಎಂಥ ಕಗ್ಗತ್ತಲಾದ್ರೂ ಮೈ ಬಿಸಿಗೆ ಹಂದಿ ಬೆಳ್ಳಗೆ ಕಾಣ್ತೈತೆ. ಹೊಲದ ಯಜಮಾನ ಹೂಂ ಅಂದ್ರಾಯ್ತು, 2019ರಿಂದ ಬೇಟೆ ಲೈಸೆನ್ಸೂ ಬೇಡ.

ಅಂಜಿನಪ್ಪ: ಇಲ್ಲಿ ಹೊಲದ ಯಜಮಾನ ಹೂಂ ಅಂದ್ರೆ ಅವನೇ ಜೈಲಿಗೆ. 1972ರ ವನ್ಯಜೀವಿ ಕಾಯ್ದೆ ಐತೆ. ಅರಣ್ಯ ಇಲಾಖೆ ಬರವಣಿಗೇಲಿ ಅಪ್ಪಣೆ ಕೊಡ್ಬೇಕು.

ಮಂಜ: ಅಲ್ಲಿ ಅವು ಆ ನೆಲದವೇ ಅಲ್ಲ. ಸ್ಪೇನಿನೋರು ಹಡಗಿನಾಗೆ ತಂದ ಸಾಕಿದ ಹಂದಿ ತಪ್ಪಿಸ್ಕಂಡು ಕಾಡು ಸೇರ್ಕಂಡ್ವು.

ಅಂಜಿನಪ್ಪ: ಇಲ್ಲಿವು ಮೂಲನಿವಾಸಿಗಳು. ನನ್ನ ಪಹಣಿಗಿಂತ ಹಳೇವು. ಕಡ್ಲೇಕಾಯಿ ತಿನ್ನೋವರೆಗೂ ಯಾರ ಹಂದಿ ಅಂತ ಕೇಳೋರಿಲ್ಲ. ಸತ್ತು ಬಿತ್ತೋ, ಸರ್ಕಾರದ ಸ್ವತ್ತು. ಕಾಯ್ದೇಲೇ ಬರ್ದೈತೆ, 39ನೇ ಕಲಂ.

ಗಂಗಮ್ಮ: ತಿಂದು ತೇಗೋವಾಗ ‘ನಂದು’ ಅಂತ ಒಂದು ಮಾತು ಹೇಳಬಾರ್ದಾ ಸರ್ಕಾರ?

ಅಂಜಿನಪ್ಪ: ಪರಿಹಾರ ಕೊಡ್ತಾರೆ ಕಣೆ. ಹೋದ ಬೆಳೆಗೆ ಅರ್ಜಿ ಹಾಕಿದ್ನಲ್ಲ. ಪಹಣಿ, ಆಧಾರ್, ಪಾಸ್‌ಬುಕ್, ಫೋಟೋ ಎಲ್ಲಾ ಇಟ್ಟೆ. ಬಂದೋರು ‘ಹಂದಿನೇ ತಿಂದಿದ್ದು ಅಂತ ಏನು ಗ್ಯಾರಂಟಿ?’ ಅಂದ್ರು. ‘ನೋಡ್ರಿ ಸ್ವಾಮಿ, ಸಾಲು ಬಿಡದಂಗೆ ಮೂತೀಲಿ ಉತ್ತೈತೆ, ಗಿಡ ಅಂಗಾತ ಮಲಗ್ಸೈತೆ, ಸಿಪ್ಪೆ ಅಗಿದು ಉಗುಳೈತೆ. ನಮ್ಮ ಕೂಲಿಯೋರೂ ಇಷ್ಟು ನೀಟಾಗಿ ಕೀಳಲ್ಲ’ ಅಂದೆ.

ಮಂಜ: ಅದಕ್ಕೆ?

ಅಂಜಿನಪ್ಪ: ‘ಹಂಗಾದ್ರೆ ಕೂಲಿಯೋರೇ ಕಿತ್ತಿರ್ಬೇಕು’ ಅಂತ ಬರ್ಕಂಡ್ರು.

ಮಂಜ: ಕೇರಳದಾಗೆ 2022ರಿಂದ ಪಂಚಾಯ್ತಿ ಅಧ್ಯಕ್ಷರೇ ಹೊಡೀರಿ ಅಂತ ಆರ್ಡರ್ ಕೊಡಬೋದು.

ಗಂಗಮ್ಮ: ಇಲ್ಲಿ ಬೀದಿ ದೀಪಕ್ಕೆ ಆರ್ಡರ್ ಆಗ್ಲಿ ತಡಿ.

ಮಂಜ: ಅತ್ತೆ, ಬೇಲಿ ತುಂಬಾ ಅದೇನು ಬಣ್ಣ ಬಣ್ಣದ್ದು?

ಗಂಗಮ್ಮ: ನನ್ನ ಸೀರೆಗಳು! ಹೊಸಕೋಟೆ ಮಗ್ಗದೋರು ರೇಷ್ಮೆ ಸೀರೆ ನೇಯ್ದು ಊರೂರಿಗೆ ಕಳಿಸ್ತಾರೆ. ನಿಮ್ಮಾವ ಉಟ್ಟ ಸೀರೆ ಬಿಚ್ಚಿಸ್ಕಂಡು ಹಂದಿಗೆ ಕಟ್ಟವ್ನೆ. ಮದ್ವೆ ಸೀರೆ ಮೇಲೂ ಕಣ್ಣು ಹಾಕಿದ್ದ, ಟ್ರಂಕಿಗೆ ಬೀಗ ಹಾಕ್ದೆ.

ಅಂಜಿನಪ್ಪ: ಹಂದೀಗೆ ಕಣ್ಣು ಮಂದ, ಮೂಗು ಚುರುಕು. ಅದಕ್ಕೇ ಕ್ಷೌರದಂಗಡಿ ಕೂದಲೂ ತಂದು ಬದುವಿನುದ್ದಕ್ಕೂ ಚೆಲ್ಲೀನಿ. ಮೂಸಿದ್ರೆ ಮೂಗಿಗೆ ಹೋಗಿ ಸೀನ್ತಾವೆ.

ಗಂಗಮ್ಮ: ಸೀನಿ ತಿಂತಾವೆ.

ಮಂಜ: ತಂತಿಗೆ ಕರೆಂಟ್ ಬಿಟ್ರೆ?

ಅಂಜಿನಪ್ಪ: ಬಾಯಿ ತೊಳ್ಕ! ಹಂಗೆ ಬಿಟ್ಟು ಎತ್ತು ಕಳ್ಕಂಡೋರವ್ರೆ, ಮನೆ ಮಕ್ಕಳನ್ನೇ ಕಳ್ಕಂಡೋರವ್ರೆ. ಸೋಲಾರ್ ಬೇಲಿ ಬೇರೆ. ಒಂದೇಟು ಚುರುಕ್ ಅನ್ನಿಸಿ ಬಿಡ್ತೈತೆ. ಅದಕ್ಕೆ ದುಡ್ಡು ಬೇಕು.

ಮಂಜ: ತಿರುಮಣಿ ಕಡೆ 13,000 ಎಕರೆ ಸೋಲಾರ್ ಪಾರ್ಕೇ ಐತಲ್ಲ ಮಾವ. 2,050 ಮೆಗಾವ್ಯಾಟ್!

ಅಂಜಿನಪ್ಪ: ಹೂಂ, ಪಾವಗಡದ ಬಿಸಿಲು ಊರೆಲ್ಲಾ ಬೆಳಗ್ತೈತೆ. ನನ್ನ ಟಾರ್ಚಿಗೆ ಶೆಲ್ಲು ಅಂಗಡಿಯಿಂದ್ಲೇ ತರ್ಬೇಕು, ನೋಡು, ಮಿಣಿಮಿಣಿ ಅಂತೈತೆ.

ಗಂಗಮ್ಮ: ಶ್! ಆ ಕಡೆ ಸಾಲು ಅಲ್ಲಾಡ್ತು.

(ಅಂಜಿನಪ್ಪ ತಮಟೆ ಬಡಿಯುತ್ತಾನೆ. ಮಂಜ ಫೋನಿನಲ್ಲಿ ಟೆಕ್ಸಾಸಿನ ಗುಂಡಿನ ಸದ್ದು ಜೋರಾಗಿ ಹಾಕುತ್ತಾನೆ. ಗಿಡಗಳ ನಡುವೆ ದಡಬಡ ಓಟ.)

ಮಂಜ: ಓಡಿದ್ವು! ಓಡಿದ್ವು ಮಾವ! ಎಲ್ಲಿಗೆ ಹೋದ್ವು?

ಅಂಜಿನಪ್ಪ: ಆಂಧ್ರಕ್ಕೆ. ಹಳ್ಳ ದಾಟಿದ್ರೆ ಅವರದ್ದೇ ಹೊಲ.

ಮಂಜ: ಹಂಗಾದ್ರೆ ಇನ್ನು ಮಲ್ಕಬೋದು.

(ದೂರದಲ್ಲಿ ಡಬ್ಬದ ಸದ್ದು, ‘ಪೋ! ಪೋ!’ ಎಂಬ ಕೂಗು.)

ಅಂಜಿನಪ್ಪ: ಅಗೋ, ಅವ್ರೂ ಎದ್ರು. ಏಳೋ, ತಿರುಗಿ ಇತ್ಲಾಗೇ ಬರ್ತಾವೆ. ಆ ಫೋನ್ ಆರಿಸ್ಬೇಡ, ಚಾರ್ಜ್ ಎಷ್ಟೈತೆ ನೋಡು.