ಎರಡು ಮೀಟರಿನ ತಕರಾರು

ಆಂಗ್ಲರ ನಾಡಿನಲ್ಲಿ ಸಂಸಾರ ಹೂಡಿದ ಕನ್ನಡಿಗನು ಅಲ್ಲಿನ ಚಳಿಗೂ, ಸಪ್ಪೆ ಊಟಕ್ಕೂ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕವಿಯುವ ಕತ್ತಲಿಗೂ ಕಾಲಕ್ರಮದಲ್ಲಿ ಒಗ್ಗಿಕೊಂಡಾನು. ಆದರೆ ಆ ಜನರು ಭಿನ್ನಾಭಿಪ್ರಾಯಕ್ಕೆ ಇಟ್ಟಿರುವ ನಾನಾ ನಾಮಧೇಯಗಳಿಗೆ, ಯಾವ ಸಂದರ್ಭಕ್ಕೆ ಯಾವ ನಾಮವು ಸಲ್ಲುವುದೆಂಬ ಸೂಕ್ಷ್ಮಕ್ಕೆ ಒಗ್ಗಿಕೊಳ್ಳಲು ಒಂದು ಜನ್ಮ ಸಾಲದು. ಆರ್ಗ್ಯುಮೆಂಟ್, ಕ್ವಾರಲ್, ಡಿಬೇಟ್, ಡಿಸ್‌ಪ್ಯೂಟ್, ಟಿಫ್, ಸ್ಕ್ವಾಬಲ್, ಬಿಕರಿಂಗ್, ಇವೆಲ್ಲದರ ಮೇಲೆ ಹಸುವಿನ ‘ಕೌ’ಗೆ ಪ್ರಾಸವಾಗುವ ‘ರೌ’. ನಿಘಂಟನ್ನು ತೆರೆದರೋ, ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟು, ತಾಲ್ಲೂಕು ಕಚೇರಿಯ ಗುಮಾಸ್ತರು ಅರ್ಜಿದಾರನನ್ನು ಮೇಜಿನಿಂದ ಮೇಜಿಗೆ ಅಟ್ಟುವಂತೆ ಅದು ನಮ್ಮನ್ನು ಪುಟದಿಂದ ಪುಟಕ್ಕೆ ಅಟ್ಟುತ್ತದೆ.

ನಮ್ಮ ಮನೆ ಬರ್ಮಿಂಗ್‌ಹ್ಯಾಮಿನ ಹೊರವಲಯದಲ್ಲಿದೆ. ನಾನು ಮೈಸೂರಿನ ಅಗ್ರಹಾರದವನು; ನನ್ನ ಗೃಹಿಣಿ ಧಾರವಾಡದ ಮಾಳಮಡ್ಡಿಯವಳು. ನಮ್ಮ ಕಡೆ ಕೋಪವು ನೆತ್ತಿಗೇರಿದಾಗಲೂ “ಹೋಗಲಿ ಬಿಡಿ, ಪರವಾಗಿಲ್ಲ” ಎಂದು ಗೊಣಗಿ, ಆ ‘ಪರವಾಗಿಲ್ಲ’ವನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಜೋಪಾನವಾಗಿಟ್ಟುಕೊಳ್ಳುವುದು ಸಂಪ್ರದಾಯ. ಅವರ ಕಡೆಯಾದರೋ, ಅತಿಥಿಗೆ ಇನ್ನೊಂದು ರೊಟ್ಟಿ ಬಡಿಸುವ ಪ್ರೇಮದ ಒತ್ತಾಯವೂ ಬೀದಿಯ ತುದಿಯಲ್ಲಿ ನಿಂತವನಿಗೆ ಫೌಜುದಾರಿ ಮೊಕದ್ದಮೆಯೊಂದು ಆರಂಭವಾಯಿತೆಂಬ ಶಂಕೆಯನ್ನು ಹುಟ್ಟಿಸುತ್ತದೆ. “ಯಾಕೆ ಜಗಳವಾಡುತ್ತೀಯೆ?” ಎಂದು ನಾನು ಕೇಳಿದರೆ, “ಜಗಳಾ ಎಲ್ಲಿ ತಗದೇನ್ರೀ? ಮಾತಾಡ್ಲಿಕತ್ತೀನಿ ಅಷ್ಟ” ಎಂಬ ಉತ್ತರ, ಹಿಂದಿನ ಮಾತಿಗಿಂತ ಒಂದು ಸ್ಥಾಯಿ ಮೇಲಿನಿಂದ, ಬರುವುದು. ಈ ಎರಡು ಕನ್ನಡಗಳ ನಡುವೆ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಬೆಳೆದ ನಮ್ಮ ಮಗಳು ಯಾರೂ ನೇಮಿಸದೆಯೇ ಮನೆಯ ನ್ಯಾಯಾಧೀಶೆಯಾಗಿದ್ದಾಳೆ. ತೀರ್ಪು ಕೊಡುವುದು ಅವಳ ಕೆಲಸವಲ್ಲ. ಪ್ರಕರಣವು ಯಾವ ವರ್ಗಕ್ಕೆ ಸೇರಿದ್ದೆಂದು ನಿರ್ಣಯಿಸುವುದಷ್ಟೇ.

ಮನೆಯ ಥರ್ಮೊಸ್ಟಾಟನ್ನು ಇಪ್ಪತ್ತೊಂದಕ್ಕೆ ಏರಿಸಬೇಕೋ ಬೇಡವೋ ಎಂಬ ಪ್ರಶ್ನೆ ಬಿಕರಿಂಗ್ ವರ್ಗಕ್ಕೆ ಸೇರಿದ್ದು. ಅಂದರೆ ವಿಷಯವು ಕ್ಷುಲ್ಲಕ, ಆದರೆ ನಿತ್ಯ. ಒಗ್ಗರಣೆಯ ಹೊಗೆಗೆ ಎಚ್ಚರಿಕೆಯ ಗಂಟೆ ಬಡಿದುಕೊಂಡಾಗ, ಕಿಟಕಿ ತೆರೆಯಲಿಲ್ಲವೇಕೆಂಬ ಬಗ್ಗೆ ಆಗುವುದು ಟಿಫ್. ಅದು ಪರಸ್ಪರ ಪ್ರೀತಿಯುಳ್ಳವರ ನಡುವೆ ಮಾತ್ರ ಸಾಧ್ಯವಂತೆ, ಸಂಜೆಯ ಕಾಫಿಯೊಳಗೆ ಮುಗಿಯತಕ್ಕದ್ದಂತೆ. ಕ್ವಾರಲ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ ದೂರು ಎಂಬರ್ಥವುಳ್ಳ ಶಬ್ದದಿಂದ ಬಂದುದಾದ್ದರಿಂದ, ಅಲ್ಲಿ ಒಬ್ಬರಿಗಾದರೂ ಮನಸ್ಸು ನೊಂದಿರಲೇಬೇಕು. ಆರ್ಗ್ಯುಮೆಂಟಿನ ವಿಚಾರವೇ ಬೇರೆ. ಶಾಲೆಯಲ್ಲಿ ಅದನ್ನು ಸೊಗಸಾಗಿ ಬರೆದರೆ ಅಂಕ ದೊರೆಯುವುದು. ಮನೆಯಲ್ಲಿ ಅದನ್ನೇ ಸೊಗಸಾಗಿ ಆಡಿದರೆ “ಎದುರು ವಾದಿಸಬೇಡ” ಎಂಬ ಗದರಿಕೆ ದೊರೆಯುವುದು. ಈ ಅನ್ಯಾಯವನ್ನು ಮಗಳು ಹಲವು ಬಾರಿ ನಮ್ಮ ಗಮನಕ್ಕೆ ತಂದಿದ್ದಾಳೆ.

ನಮ್ಮವರಿಗೂ ಇಂಥ ವಿವೇಕವಿದ್ದಿತೆಂದು ತೋರಿಸುವ ಅಭಿಮಾನದಿಂದ ನಾನು ಒಂದು ದಿನ ಗೌತಮನ ನ್ಯಾಯಸೂತ್ರಗಳನ್ನು ಪ್ರಸ್ತಾಪಿಸಿದೆನು. ಸತ್ಯವನ್ನು ಅರಿಯಲು ನಡೆಯುವುದು ವಾದ. ಛಲದಿಂದಲಾದರೂ ಗೆಲ್ಲಲೇಬೇಕೆಂದು ಹೊರಡುವುದು ಜಲ್ಪ. ಸ್ವಪಕ್ಷವನ್ನು ಸ್ಥಾಪಿಸುವ ಗೋಜಿಗೇ ಹೋಗದೆ ಪರಪಕ್ಷವನ್ನು ಖಂಡಿಸುತ್ತ ಕೂಡುವುದು ವಿತಂಡ. ಮಗಳು ಗಂಭೀರವಾಗಿ ಕೇಳಿ, ಕೊಂಚ ಯೋಚಿಸಿ, “ಅಪ್ಪ, ಅಮ್ಮ ಇಪ್ಪತ್ತೊಂದು ಬೇಕು ಅಂತಾಳೆ. ನೀನು ಬೇಡ ಬೇಡ ಅಂತೀಯೇ ಹೊರತು ಎಷ್ಟು ಬೇಕು ಅಂತ ಯಾವತ್ತೂ ಹೇಳಿಲ್ಲ” ಎಂದಳು. ಒಳಗಿನಿಂದ “ಖರೇ ಅದ” ಎಂಬ ಅನುಮೋದನೆ ಬಂದಿತು. ಅಂದಿನಿಂದ ಶಾಸ್ತ್ರವನ್ನು ಮನೆಯೊಳಕ್ಕೆ ತರುವುದನ್ನು ಬಿಟ್ಟಿದ್ದೇನೆ. ಇಷ್ಟಕ್ಕೂ, ಸಂಸ್ಕೃತದಲ್ಲಿ ಸಿದ್ಧಾಂತವೆಂದೇ ಅರ್ಥವಿದ್ದ ‘ರಾದ್ಧಾಂತ’ವನ್ನು ರಂಪದ ಪಕ್ಕದಲ್ಲಿ ಕೂಡಿಸಿದ ಕನ್ನಡಿಗರು, ಸಿದ್ಧಾಂತಗಳು ಸ್ಥಾಪಿತವಾಗುವ ಬಗೆಯನ್ನು ಸಮೀಪದಿಂದ ಕಂಡವರೇ ಇರಬೇಕು.

ಇವೆಲ್ಲ ನಾಲ್ಕು ಗೋಡೆಗಳ ನಡುವಿನ ಮಾತಾಯಿತು. ಬೇಲಿಯ ಆಚೆಗೆ ಹೋದರೆ ಒಂದೊಂದು ಶಬ್ದಕ್ಕೂ ಪೌಂಡುಗಳ ಲೆಕ್ಕದಲ್ಲಿ ಬೆಲೆಯುಂಟು. ನೆರೆಯ ವೃದ್ಧ ಗೃಹಸ್ಥರು ತಮ್ಮ ಎಲ್ಲೆಯಲ್ಲಿ ಬೆಳೆಸಿದ್ದ ಲೇಲ್ಯಾಂಡಿ ಎಂಬ ನಿತ್ಯಹಸುರಿನ ಗಿಡಗಳ ಸಾಲು, ಆಕಾಶವನ್ನು ಮುಟ್ಟುವ ಸಂಕಲ್ಪದಿಂದ ಏರಿ ಏರಿ, ನನ್ನ ಗೃಹಿಣಿಯ ಮೆಂತ್ಯದ ಪಾತಿಗೆ ಬೀಳುತ್ತಿದ್ದ ಅಷ್ಟಿಷ್ಟು ಬಿಸಿಲನ್ನೂ ನುಂಗಿಬಿಟ್ಟಿತು. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಕಾನೂನಿದೆ. 2003ರ ಸಮಾಜವಿರೋಧಿ ವರ್ತನೆಯ ಶಾಸನವು, ಪುಂಡರ ಹಾವಳಿಯ ಸಂಗಡ, ಎರಡು ಮೀಟರಿಗೆ ಮೀರಿದ ನಿತ್ಯಹಸುರಿನ ಬೇಲಿಯನ್ನೂ ವಿಚಾರಣೆಗೆ ಒಳಪಡಿಸುತ್ತದೆ. ಆದರೆ ನಗರಸಭೆಗೆ ದೂರು ಕೊಡುವ ಮುನ್ನ ನೆರೆಯವರೊಡನೆ ಸೌಹಾರ್ದದಿಂದ ಮಾತನಾಡಿ ನೋಡಿರಬೇಕು. ದೂರಿಗೆ ಶುಲ್ಕವನ್ನೂ ತೆರಬೇಕಾದೀತು. ನಾನು ಮೈಸೂರಿನ ರೀತಿಯಲ್ಲಿ, ಹವಾಮಾನ, ಅವರ ಮಂಡಿನೋವು, ಕ್ರಿಕೆಟ್ ಇವುಗಳ ಮಾರ್ಗವಾಗಿ ಬೇಲಿಯನ್ನು ಸಮೀಪಿಸಲು ಹಲವು ಸಲ ಯತ್ನಿಸಿದ್ದೆನು. ಪ್ರತಿ ಸಲವೂ ಕ್ರಿಕೆಟ್ಟಿನಲ್ಲೇ ಕತ್ತಲಾಗುತ್ತಿತ್ತು.

ಕಡೆಗೆ ನನ್ನ ಗೃಹಿಣಿಯೇ ಹೋದಳು. ಧಾರವಾಡದ ಮರ್ಯಾದೆಯಂತೆ, ಆಕ್ಷೇಪಣೆಯನ್ನು ಹೇಳುವ ಮೊದಲು ‘ನಂದೇನೂ ತಕರಾರಿಲ್ಲರೀ’ ಎಂದು ಪೀಠಿಕೆ ಹಾಕುವುದು ಶಿಷ್ಟಾಚಾರ. ಅದನ್ನೇ ಆಕೆ ಮಂದಹಾಸದೊಡನೆ, ತನ್ನ ಸಹಜ ಕಂಠದಲ್ಲಿ, ಇಂಗ್ಲಿಷಿಗೆ ತಿರುಗಿಸಿ, “ಐ ಹ್ಯಾವ್ ನೋ ಡಿಸ್‌ಪ್ಯೂಟ್ ವಿತ್ ಯೂ” ಎಂದಳು. ವೃದ್ಧರ ಮುಖವು ಬಿಳಿಚಿಕೊಂಡಿತು; ಮೊದಲೇ ಬಿಳಿಯದಾದ ಮುಖವು ಇನ್ನೂ ಬಿಳಿಚುವುದಕ್ಕೆ ಅವಕಾಶವುಂಟೆಂಬುದನ್ನು ಅಂದು ಕಂಡೆನು.

ಕಾರಣವಿಷ್ಟೆ. ಅವರ ಅಂಗಳದಲ್ಲಿ, ಮನೆ ಮಾರಾಟಕ್ಕಿದೆಯೆಂಬ ಹಲಗೆಯನ್ನು ಹಿಂದಿನ ವಾರವಷ್ಟೆ ನೆಟ್ಟಿದ್ದರು. ಆ ದೇಶದಲ್ಲಿ ಮನೆ ಮಾರುವವನು ವಕೀಲರ ಮೂಲಕ ತುಂಬಿಕೊಡುವ ನಮೂನೆಯಲ್ಲಿ, ನೆರೆಹೊರೆಯೊಡನೆ ಏನಾದರೂ ಡಿಸ್‌ಪ್ಯೂಟ್ ಇದ್ದಿತೇ, ಉಂಟಾಗುವ ಸಂಭವವಿದೆಯೇ ಎಂಬ ಪ್ರಶ್ನೆಯಿರುತ್ತದೆ. ಮುಚ್ಚಿಟ್ಟರೆ ಕೊಂಡವನು ನ್ಯಾಯಾಲಯಕ್ಕೆ ಹೋಗಬಹುದು. ಬಿಚ್ಚಿಟ್ಟರೆ ಕೊಳ್ಳುವವನೇ ಓಡಿಹೋಗಬಹುದು. ಆದಕಾರಣ ಬುದ್ಧಿವಂತ ಆಂಗ್ಲನಿಗೆ ನೆರೆಯವನೊಡನೆ ‘ಚಾಟ್’ ಆಗುತ್ತದೆ, ‘ಲಿಟಲ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ ಆಗುತ್ತದೆ, ಅತಿಯಾದರೆ ‘ಡಿಫರೆನ್ಸ್ ಆಫ್ ಒಪೀನಿಯನ್’ ಆಗುತ್ತದೆ. ಡಿಸ್‌ಪ್ಯೂಟ್ ಮಾತ್ರ ಸರ್ವಥಾ ಆಗುವುದಿಲ್ಲ. ಆ ಶಬ್ದವು ಇಲ್ಲವೆಂಬ ರೂಪದಲ್ಲಿಯೇ ಆಗಲಿ, ಬೇಲಿಯ ಮೇಲಿನಿಂದ, ಬೀದಿಗೆಲ್ಲ ಕೇಳುವ ಧ್ವನಿಯಲ್ಲಿ ತೇಲಿಬಂದದ್ದು ಅವರಿಗೆ ನೋಟೀಸಿನಂತೆಯೇ ಕೇಳಿಸಿರಬೇಕು. “ಅಯ್ಯೋ, ಆ ಮಾತೇಕೆ, ನಾವು ಸುಮ್ಮನೆ ಹರಟುತ್ತಿದ್ದೇವಷ್ಟೆ” ಎಂಬರ್ಥದ ಇಂಗ್ಲಿಷನ್ನು ಆಡುತ್ತ, ಹಿಮ್ಮೆಟ್ಟುತ್ತ, ಅವರು ಮನೆಯನ್ನು ಸೇರಿಕೊಂಡರು. ಮುಂದಿನ ಶನಿವಾರ ಗರಗಸದ ಯಂತ್ರ ಹಿಡಿದ ಇಬ್ಬರು ಆಳುಗಳು ಬಂದು, ಅಳತೆಯ ಪಟ್ಟಿಯನ್ನಿಟ್ಟು, ಎರಡು ಮೀಟರಿಗೆ ಸರಿಯಾಗಿ ಬೇಲಿಯನ್ನು ಕತ್ತರಿಸಿ ಹೋದರು.

ಇದು ಶಬ್ದದ ಮಹಿಮೆಯೆಂದು ನಾನು ಆಕೆಗೆ ನಮೂನೆ, ವಕೀಲ, ಶಾಸನ ಎಲ್ಲವನ್ನೂ ಸಾವಧಾನವಾಗಿ ವಿವರಿಸಿದೆನು. ಆಕೆ ಪಾತಿಗೆ ನೀರು ಹಾಕುತ್ತಲೇ ಕೇಳಿ, “ನಾ ಸುಳ್ಳ ಎಲ್ಲಿ ಹೇಳೀನ್ರೀ? ನಂದೇನೂ ತಕರಾರ ಇರಲಿಲ್ಲ. ಇದ್ದದ್ದು ಮೆಂತ್ಯಾದ್ದು” ಎಂದಳು.