ಕೊಂಡಿ ಬಿಚ್ಚುವ ಕಮಾಂಡರ್

ಐನಾಪುರದಂಥ ಕಬ್ಬಿನ ಸೀಮೆಯ ಊರಲ್ಲಿ ಈಚೆಗೆ ಹೊಸದೊಂದು ಆಸಾಮಿ ತಲೆ ಎತ್ತಿದೆ. ಹಗಲು ಡಿಗ್ರಿ ಕಾಲೇಜಿನ ಹುಡುಗ, ರಾತ್ರಿ ಅಂತರಿಕ್ಷ ನೌಕೆಯ ಕಮಾಂಡರ್. ತ್ರೀಫೇಸ್ ಕರೆಂಟು ಬಂತೆಂದು ಅಪ್ಪ ಬ್ಯಾಟರಿ ಹಿಡಿದು ಮೋಟಾರು ಚಾಲೂ ಮಾಡಲು ಹೊಲಕ್ಕೆ ಹೊರಟರೆ, ಮಗ ಲ್ಯಾಪ್‌ಟಾಪಿನ ಮುಂದೆ ಕೂತು ಸಿಮ್ಯುಲೇಟರ್ ಆಟದಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಸರಕು ಇಳಿಸುತ್ತಿರುತ್ತಾನೆ. ಊಟಕ್ಕೆ ಕರೆದರೆ "ತಡಿಯವ್ವಾ, ಇನ್ನೊಂದ ಸುತ್ತ ಐತಿ" ಎನ್ನುತ್ತಾನೆ. ಆ ಒಂದು ಸುತ್ತು ಭೂಮಿಯ ಸುತ್ತ, ಸುಮಾರು 90 ನಿಮಿಷದ್ದು ಎಂಬುದು ಅವ್ವನಿಗೆ ತಿಳಿಯುವಷ್ಟರಲ್ಲಿ ರೊಟ್ಟಿ ಕಟಕಾಗಿರುತ್ತದೆ. ಹುಡುಗ ಕೆಟ್ಟ ಎಂದು ಕಟ್ಟೆಯವರು ತೀರ್ಪು ಕೊಟ್ಟಾಗಿದೆ. ಅವನ ಠೀವಿ ನಗೆ ತರಿಸುವಂಥದೇ, ಒಪ್ಪೋಣ. ಆದರೆ ಅವನು ಜೀವ ಬಿಡುವ ಆ ಒಂದು ಕೆಲಸ, ಅಂದರೆ ಸರಕು ಬಿಟ್ಟು ಕೊಂಡಿ ಕಳಚಿ ಹಿಂದೆ ಸರಿಯುವುದು, ಚಲನೆಯ ನಿಯಮಗಳನ್ನು ಕಲಿಸುವಷ್ಟು ಚೆನ್ನಾಗಿ ಪಠ್ಯಪುಸ್ತಕವೂ ಕಲಿಸದು ಎಂಬುದು ನನ್ನ ವಾದ.

ಕಟ್ಟೆಯ ಹಿರಿಯರ ಮೊದಲ ಆಕ್ಷೇಪ ಗಟ್ಟಿಯಾದದ್ದು: "ಕೂಡಸೂದು ಕಷ್ಟ ಅನ್ನು, ಬಿಚ್ಚೂದೇನ ದೊಡ್ಡ ಮಾತೋ?" ಅವರು ಸುಳ್ಳು ಹೇಳುತ್ತಿಲ್ಲ. ಸೀಜನ್ನಿನಲ್ಲಿ ಉಗಾರ ಫ್ಯಾಕ್ಟರಿಯ ಅಂಗಳದಲ್ಲಿ ಟ್ರೇಲರಿನ ಪಿನ್ನು ಜಗ್ಗಿದರೆ ಟ್ರಾಕ್ಟರ್ ಮುಂದೆ ಹೋಗುತ್ತದೆ, ಟ್ರೇಲರ್ ನಿಂತಲ್ಲೇ ನಿಲ್ಲುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನೆಲ. ಕಕ್ಷೆಯಲ್ಲಿ ಆ ನೆಲವೇ ಇಲ್ಲ. ಕೊಂಡಿ ಕಳಚಿದ ಸರಕು ಬೀಳುವುದೂ ಇಲ್ಲ, ಹಿಂದುಳಿಯುವುದೂ ಇಲ್ಲ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿನ ಅದೇ ವೇಗದಲ್ಲಿ, ಸಾಲ ಕೊಟ್ಟವನ ಹಾಗೆ ಮಗ್ಗುಲಲ್ಲೇ ಬರುತ್ತಿರುತ್ತದೆ. ಅದಕ್ಕೇ ನಿಜವಾದ ಸೋಯುಜ್ ನೌಕೆಯನ್ನು ನಿಲ್ದಾಣದಿಂದ ಸ್ಪ್ರಿಂಗುಗಳು ಸೆಕೆಂಡಿಗೆ 10 ಸೆಂಟಿಮೀಟರಿನ ಆಸುಪಾಸಿನಲ್ಲಿ ಮೆಲ್ಲಗೆ ದೂಡುತ್ತವೆ. ಎಂಜಿನ್ನಿನ ಸರದಿ ಆಮೇಲೆ. ಹೊಸಬ ಕಮಾಂಡರನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಕಳಚಿದ ಕೂಡಲೇ ಎಂಜಿನ್ ಒದರಿಸಿ, ಈಗಷ್ಟೇ ಜೋಪಾನವಾಗಿ ಇಳಿಸಿದ ಸರಕಿನ ಮುಖಕ್ಕೇ ಬೆಂಕಿ ಉಗುಳುತ್ತಾನೆ. ಸರಕನ್ನು ಹಿಂದೆ ಹಾಕಲೆಂದು ವೇಗ ಹೆಚ್ಚಿಸಿದರೆ ಕಕ್ಷೆ ಮೇಲೇರಿ, ಸುತ್ತು ದೊಡ್ಡದಾಗಿ, ತಾನೇ ಹಿಂದೆ ಬೀಳುತ್ತಾನೆ. ಸರಕು ಕಳೆದು ಹಗುರಾದ ನೌಕೆಗೆ ಹಳೆಯ ಲೆಕ್ಕದಲ್ಲೇ ನೂಕು ಕೊಟ್ಟು ಬುಗುರಿಯಾಡಿಸುತ್ತಾನೆ. ನಗಬೇಡಿ. 1966ರ ಮಾರ್ಚ್ 16ರಂದು ಜೆಮಿನಿ 8ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಇದನ್ನು ಜೀವ ಪಣಕ್ಕಿಟ್ಟು ಅನುಭವಿಸಿದರು. ಜೋಡಿ ನೌಕೆಗಳು ಉರುಳತೊಡಗಿದಾಗ ತಪ್ಪು ಜೋಡಿಯ ಇನ್ನೊಂದು ನೌಕೆಯಾದ ಅಜೀನಾದ್ದೆಂದು ಬಗೆದು ಅದನ್ನು ಕಳಚಿದರು. ಕೆಟ್ಟದ್ದು ಅವರದೇ ನೌಕೆಯ ಥ್ರಸ್ಟರ್. ಜೊತೆಯ ಭಾರ ಹೋದದ್ದೇ ತಡ, ಉರುಳು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸುತ್ತಿಗೆ ಏರಿತು.

"ಇದು ಬರೇ ಆಟ, ಇಲ್ಲಿ ಯಾರೂ ಸಾಯೂದಿಲ್ಲ" ಎಂಬುದು ಎರಡನೆಯ ಆಕ್ಷೇಪ. ಆಟಕ್ಕೆ ಸುಳ್ಳುಗಳಿವೆ. ಅವನಾಡುವ, ಮಾರ್ಟಿನ್ ಶ್ವೈಗರ್ 2000ದಲ್ಲಿ ಹೊರತಂದ ಆರ್ಬಿಟರ್‌ನಲ್ಲಿ ನೌಕೆಗೆ ನೌಕೆ ಢಿಕ್ಕಿಯಾದರೆ ದೆವ್ವಗಳಂತೆ ಒಂದರೊಳಗೊಂದು ಹಾದುಹೋಗುತ್ತವೆ. ಆದರೆ ಕಕ್ಷೆಯ ಗಣಿತದಲ್ಲಿ ಅದು ರಿಯಾಯಿತಿ ಕೊಡುವುದಿಲ್ಲ. ಅಣಕು ಅಭ್ಯಾಸ ಹುಡುಗಾಟವೆನ್ನುವವರು ಇಸ್ರೋವನ್ನು ನೋಡಲಿ. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಹಾರಿದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು, ತಲಾ ಸುಮಾರು 220 ಕಿಲೋ, ಜನವರಿ 7ಕ್ಕೆ ಕೂಡಬೇಕಿತ್ತು. ನೆಲದ ಮೇಲೆ ಇನ್ನಷ್ಟು ಸಿಮ್ಯುಲೇಶನ್ ಬೇಕೆಂದು ಸಂಸ್ಥೆಯೇ ಅದನ್ನು ಮುಂದೂಡಿತು. ಕೂಡಿದ್ದು ಜನವರಿ 16ಕ್ಕೆ. ಕಳಚಿದ್ದು ಮಾರ್ಚ್ 13ಕ್ಕೆ, ಅದೂ ಒಂದೇ ಪ್ರಯತ್ನದಲ್ಲಿ. ಪಿನ್ನು ಜಗ್ಗಿದಷ್ಟು ಸಲೀಸಾಗಿದ್ದರೆ ಇಷ್ಟು ಹದ ನೋಡುವ ಅಗತ್ಯವೇನಿತ್ತು?

ಹಾಗೆಂದು ನಮ್ಮ ಕಮಾಂಡರನನ್ನು ಹೆಗಲ ಮೇಲೆ ಹೊರಬೇಕಿಲ್ಲ. ಸ್ಪೇಡೆಕ್ಸ್ ಗೆದ್ದಾಗ ಚಹಾದಂಗಡಿಯಲ್ಲಿ ಅಭಿನಂದನೆ ಸ್ವೀಕರಿಸಿದ್ದು ಅವನೇ. "ನಾ ಹೇಳಿದ್ದಿಲ್ಲೇನ?" ಎಂಬ ಧಾಟಿ ಬೇರೆ. ಆಕಾಶದಲ್ಲಿ ಟನ್ನುಗಟ್ಟಲೆ ಸರಕನ್ನು ಕೂದಲೆಳೆಯಷ್ಟೂ ಅಲುಗದಂತೆ ಬಿಡುವವನು ಮನೆಯಲ್ಲಿ ಗೊಬ್ಬರದ ಚೀಲವನ್ನು ಅಪ್ಪನ ಕಾಲ ಮೇಲೇ ಇಳಿಸುತ್ತಾನೆ. ಇವು ವಯಸ್ಸಿನ ದೋಷ, ವಿದ್ಯೆಯದಲ್ಲ. ಆ ವಿದ್ಯೆ ಮನೆಯ ಮೂಲೆಯಲ್ಲಿ ಒಂಟಿಯಾಗಿ ಕೊಳೆಯುತ್ತಿದೆ ಎಂಬುದೇ ನನ್ನ ತಕರಾರು. ಆರ್ಬಿಟರ್‌ಗೆ ದುಡ್ಡು ಕೊಡಬೇಕಿಲ್ಲ. 2021ರಿಂದ ಅದರ ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಕಾಗವಾಡ, ಅಥಣಿ, ರಾಯಬಾಗ ಕಡೆಯ ಭೌತಶಾಸ್ತ್ರದ ಮೇಷ್ಟ್ರುಗಳು ಕಾಲೇಜಿನ ಕಂಪ್ಯೂಟರಿಗೆ ಅದನ್ನು ಹಾಕಿಸಿ, ಈ ಹುಡುಗನನ್ನು ಕರೆದು, ಒಂದು ತಾಸು ಪಾಠ ಮಾಡಿಸಲಿ. ಊಟದ ವೇಳೆ ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ.